ಫ್ಲೈ ಗಾಳದ ಸಲಕರಣೆ ಮತ್ತು ಗಂಟುಗಳು: ಕೃಷ್ಣಾ–ಭೀಮಾ ತೀರಕ್ಕೆ ಹೋಗುವ ಸದಸ್ಯರಿಗೆ ಕೆಲವು ಸೂಚನೆಗಳು

ರೊಬಸ್ಟಾ ಕೊಯ್ಲು ಮುಗಿದು, ಅಡಿಕೆ ಸುಲಿದು ಒಣಗಿಸಿ ಮಂಡಿಗೆ ಕಳುಹಿಸಿ, ಹೂಮಳೆಯ ದಾರಿ ಕಾಯುವ ಬಿಡುವಿನ ದಿನಗಳಲ್ಲಿ ನಮ್ಮ ಸದಸ್ಯ ಬಂಧುಗಳಲ್ಲಿ ಹಲವರು ಕುಟುಂಬ ಸಮೇತರಾಗಿ ಬಸವನ ಬಾಗೇವಾಡಿ, ಕೂಡಲಸಂಗಮ, ಆಲಮಟ್ಟಿಗಳ ಕಡೆಗೆ ಪ್ರವಾಸ ಹೊರಡುವುದು ವಾಡಿಕೆ. ತೋಟದಂಚಿನ ಹಳ್ಳದಲ್ಲಿ ಗಾಳ ಹಾಕುವ ಹವ್ಯಾಸವುಳ್ಳವರು ಸಾಮಾನಿನ ಜೊತೆಗೆ ಗಾಳದ ಕೋಲನ್ನೂ ಇಟ್ಟುಕೊಳ್ಳುತ್ತಾರೆ. ಎರೆಹುಳು, ಹಿಟ್ಟಿನ ಉಂಡೆಗಳನ್ನು ಬಿಟ್ಟು, ಗರಿ ಮತ್ತು ದಾರದಿಂದ ಕಟ್ಟಿದ ಹುಸಿನೊಣವನ್ನು ನೀರಿಗೆ ಬೀಸುವ ಫ್ಲೈ ಫಿಷಿಂಗ್ ಪದ್ಧತಿಯನ್ನು ರೂಢಿಸಿಕೊಂಡವರೂ ಈಗ ನಮ್ಮಲ್ಲಿದ್ದಾರೆ. ಅವರು ಸಂಘದ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಎರಡೇ: ಬಯಲುಸೀಮೆಯ ದೊಡ್ಡ ನೀರಿಗೆ ಯಾವ ಸಲಕರಣೆ ಬೇಕು? ದಾರ ಪ್ರತಿಸಲವೂ ಗಂಟಿನ ಬಳಿಯೇ ಏಕೆ ತುಂಡಾಗುತ್ತದೆ?

ಈ ಎರಡಕ್ಕೂ ಉತ್ತರವನ್ನು ಇಲ್ಲಿ ಒಟ್ಟಾಗಿ ಕೊಡಲು ಯತ್ನಿಸಿದ್ದೇವೆ. ಗಂಟು ಕಳಚಿದರೆ ಮೀನು ತಪ್ಪಿತು ಎಂದಷ್ಟೇ ನಾವು ಭಾವಿಸುತ್ತೇವೆ. ಆದರೆ ತಪ್ಪಿಸಿಕೊಂಡ ಮೀನಿನ ಬಾಯಲ್ಲಿ ಗಾಳವಿರುತ್ತದೆ, ಗಾಳದ ಹಿಂದೆ ಹತ್ತಾರು ಅಡಿ ನೈಲಾನ್ ದಾರವಿರುತ್ತದೆ. ಅದು ನೀರಿನಲ್ಲಿ ಕೊಳೆಯುವುದಿಲ್ಲ. ಮೀನಿಗೆ, ಹಕ್ಕಿಗೆ, ನೀರು ಕುಡಿಯಲು ಬರುವ ದನಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಆ ನೀರನ್ನೇ ನಂಬಿ ಬಲೆ ಬಿಡುವವರಿಗೆ ಅದು ತೊಡಕು. ಆದುದರಿಂದ ಒಳ್ಳೆಯ ಗಂಟನ್ನು ಕಲಿಯುವುದು ನಮ್ಮ ಆಟಕ್ಕೆ ಎಷ್ಟು ಮುಖ್ಯವೋ, ಹೊಳೆಯ ಋಣ ತೀರಿಸುವುದಕ್ಕೂ ಅಷ್ಟೇ ಮುಖ್ಯ.

ನೀರಿನ ಪರಿಚಯ

ಇಂಡಿ ಮತ್ತು ಸಿಂದಗಿ ಭೀಮೆಯ ಬದಿಯ ತಾಲೂಕುಗಳು. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಕೃಷ್ಣೆಯ ಬದಿಯವು. ಎರಡರ ನಡುವೆ ಎರೆ ಭೂಮಿಯನ್ನು ಹಾಯ್ದು ಡೋಣಿ ಹೊಳೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಈ ನಾಲ್ಕು ಹಳೆಯ ತಾಲೂಕುಗಳು ಈಗ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳಾಗಿ ಒಡೆದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ನಿಂತಿವೆ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಇಲ್ಲಿನ ನೀರಿನ ಸ್ವರೂಪವೇ ಬದಲಾಯಿತು. ಕೆಳಗೆ ನಾರಾಯಣಪುರದ ಬಸವಸಾಗರ, ಮೇಲೆ ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ, ಹೀಗೆ ಎರಡು ಜಲಾಶಯಗಳ ಹಿನ್ನೀರು ಈ ಭಾಗದ ದಡಗಳನ್ನು ಆವರಿಸಿದೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರು, ಸಂಗ್ರಹ ಸುಮಾರು 123 ಟಿ.ಎಂ.ಸಿ. ಹರಿಯುವ ಹೊಳೆಯ ಮೀನಿಗಿಂತ ನಿಂತ ನೀರಿನ ಮೀನು ಇಲ್ಲಿ ಹೆಚ್ಚು: ಕಟ್ಲಾ, ರೋಹು, ಮೃಗಾಲ್, ಗೆಂಡೆ, ತಿಲಾಪಿಯ; ಜೊಂಡು ಬೆಳೆದ ಅಂಚುಗಳಲ್ಲಿ ಹಾವಿನ ತಲೆಯಂಥ ತಲೆಯುಳ್ಳ ಮರಲ್, ಅಂದರೆ ನಮ್ಮ ಕಡೆಯ ಕೊರವ; ದಡದ ತೆಳುನೀರಿನಲ್ಲಿ ಬೆಳ್ಳಿಯಂತೆ ಮಿನುಗುವ ಸಣ್ಣ ಮೀನುಗಳು.

ನಮಗೂ ಭೀಮೆಗೂ ಒಂದು ಹಳೆಯ ನಂಟಿದೆ. ಶೃಂಗೇರಿಯ ಸ್ನಾನಘಟ್ಟದಲ್ಲೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲೂ ನಾವು ಕೈಮುಗಿದು ಮಂಡಕ್ಕಿ ಹಾಕುವ ಮೀನುಗಳಲ್ಲಿ ಮಹಶೀರ್ ಜಾತಿಯವು ಇವೆಯಷ್ಟೆ. ದಖ್ಖಣದ ಈ ಮಹಶೀರನ್ನು ಶಾಸ್ತ್ರೀಯವಾಗಿ ಮೊದಲು ವಿವರಿಸಿದವರು ಕರ್ನಲ್ ಸೈಕ್ಸ್, 1839ರಲ್ಲಿ. ಅವರಿಗೆ ಆ ಮೀನು ದೊರೆತದ್ದು ಪುಣೆಯ ಪೂರ್ವದ ಮುಳಾ–ಮುಠಾ ಹೊಳೆಯಲ್ಲಿ. ಆ ಹೊಳೆ ಭೀಮೆಗೆ ಸೇರುತ್ತದೆ. ಭೀಮೆ ಇಂಡಿ, ಸಿಂದಗಿಗಳ ಮಗ್ಗುಲಲ್ಲಿ ಹಾಯ್ದು ಕೃಷ್ಣೆಗೆ ಸೇರುತ್ತದೆ. ನಮ್ಮ ತುಂಗೆ, ಭದ್ರೆಗಳೂ ಕೊನೆಗೆ ಸೇರುವುದು ಕೃಷ್ಣೆಯನ್ನೇ. ಬಯಲಿನ ನೀರು ನಮಗೆ ಪರನಾಡಿನದಲ್ಲ.

ಮೊದಲು ಅನುಮತಿ, ಆಮೇಲೆ ಗಾಳ

ಜಲಾಶಯಗಳಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕೆರೆಗಳನ್ನು ಬಹುಪಾಲು ಸ್ಥಳೀಯ ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ಮರಿ ಬಿಟ್ಟು ಸಾಕಿದ ಮೀನು ಅವರ ಸೊತ್ತು. ನಾವೂ ಸಹಕಾರಿಗಳೇ. ನಮ್ಮ ಸಂಘದ ಗೋದಾಮಿನಿಂದ ಯಾರಾದರೂ ಕೇಳದೆ ಒಂದು ಚೀಲ ಮೆಣಸು ಒಯ್ದರೆ ಹೇಗಿರುತ್ತದೋ, ಅವರ ಕೆರೆಯಲ್ಲಿ ಕೇಳದೆ ಗಾಳ ಹಾಕುವುದೂ ಹಾಗೆಯೇ. ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ದಡದಲ್ಲಿ ಅಂಬಿಗರನ್ನು ಕಂಡು ಮಾತನಾಡಿಸಿ, ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆಂದು ಕೇಳಿ ತಿಳಿಯತಕ್ಕದ್ದು. ಅಣೆಕಟ್ಟೆಗಳ ಸಮೀಪದ ನಿರ್ಬಂಧಿತ ಪ್ರದೇಶಕ್ಕೂ, ಯಾತ್ರಿಕರು ಸ್ನಾನ ಮಾಡುವ ಘಟ್ಟಗಳಿಗೂ ಗಾಳ ಒಯ್ಯಬಾರದು.

ಸಲಕರಣೆ: ತೂಕವಿರುವುದು ದಾರದಲ್ಲಿ

ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಪದ್ಧತಿಯಲ್ಲಿ ಇದು ತಿರುಗುಮುರುಗು. ಹುಸಿನೊಣಕ್ಕೆ ತೂಕವೇ ಇಲ್ಲ. ತೂಕವಿರುವುದು ಪ್ಲಾಸ್ಟಿಕ್ ಲೇಪದ ದಪ್ಪ ಲೈನಿನಲ್ಲಿ. ಚಾವಟಿಯಂತೆ ಬೀಸಿದಾಗ ಲೈನು ಬಿಚ್ಚಿಕೊಳ್ಳುತ್ತ ಹೋಗಿ ನೊಣವನ್ನು ಮೆಲ್ಲನೆ ನೀರಿನ ಮೇಲಿಡುತ್ತದೆ. ಲೈನಿಗೆ ಕೊಟ್ಟಿರುವ ಸಂಖ್ಯೆ ಅದರ ಮೊದಲ 30 ಅಡಿಯ ತೂಕದ ಸೂಚನೆ: 5ನೆಯ ನಂಬರಿನದು ಸುಮಾರು 9 ಗ್ರಾಂ, 8ನೆಯ ನಂಬರಿನದು ಸುಮಾರು ಹದಿಮೂರೂವರೆ ಗ್ರಾಂ. ಕೋಲಿನ ಮೇಲೆಯೂ ಅದೇ ಸಂಖ್ಯೆಯಿರುತ್ತದೆ. ಕೋಲು, ಲೈನು ಎರಡರ ಸಂಖ್ಯೆಯೂ ಒಂದೇ ಆಗಿರಬೇಕು.

ನಮ್ಮ ಹಳ್ಳಗಳಿಗೆ 4 ಅಥವಾ 5 ನಂಬರು ಸಾಕು. ಆದರೆ ಬಯಲಿನ ಹಿನ್ನೀರಿನಲ್ಲಿ ಮರೆಯಿಲ್ಲದ ಗಾಳಿ, ಮೀನೂ ಭಾರಿ. ಅಲ್ಲಿಗೆ 9 ಅಡಿಯ, 7 ಅಥವಾ 8 ನಂಬರಿನ ಕೋಲು ಯೋಗ್ಯ. ಒಂದೇ ಕೋಲು ಕೊಳ್ಳುವ ಶಕ್ತಿಯುಳ್ಳವರು 7ನ್ನು ಆರಿಸಿಕೊಂಡರೆ ಎರಡೂ ಕಡೆ ಹೇಗೋ ಸಾಗುತ್ತದೆ. ರೀಲಿಗೆ ಹೆಚ್ಚು ಹಣ ಸುರಿಯಬೇಕಿಲ್ಲ. ದಾರವನ್ನು ಹದವಾಗಿ ಬಿಗಿಹಿಡಿಯುವ ಬ್ರೇಕು ನಯವಾಗಿದ್ದರಾಯಿತು. ಉಳಿದ ಹಣವನ್ನು ಒಳ್ಳೆಯ ತೇಲುವ ಲೈನಿಗೆ ಹಾಕಿರಿ.

ರೀಲಿನಿಂದ ನೊಣದವರೆಗೆ ದಾರ ಒಂದೇ ಅಲ್ಲ, ನಾಲ್ಕು ಬಗೆಯದು. ಮೊದಲು ರೀಲಿಗೆ ಸುತ್ತುವ ಬ್ಯಾಕಿಂಗ್, 20 ಪೌಂಡು ಬಲದ್ದು, ಸುಮಾರು 100 ಮೀಟರು. ನಂತರ ಲೈನು. ಅದರ ಮುಂದೆ ಬುಡದಲ್ಲಿ ದಪ್ಪವಾಗಿದ್ದು ತುದಿಗೆ ಸಣ್ಣಗಾಗುವ ನೈಲಾನ್ ಲೀಡರು, ಏಳರಿಂದ ಒಂಬತ್ತು ಅಡಿ. ಕೊನೆಯಲ್ಲಿ ಟಿಪ್ಪೆಟ್ ಎಂಬ ಸಣ್ಣ ದಾರ, ಎರಡು ಅಡಿ. ಟಿಪ್ಪೆಟ್ಟಿನ ಸಣ್ಣತನವನ್ನು ಎಕ್ಸ್ ಸಂಖ್ಯೆಯಿಂದ ಗುರುತಿಸುತ್ತಾರೆ. 11ರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ಅಂಗುಲದ ಸಾವಿರದಲ್ಲೆಷ್ಟು ಪಾಲು ದಪ್ಪವೆಂಬುದು ಸಿಗುತ್ತದೆ. 4 ಎಕ್ಸ್ ಎಂದರೆ ಸಾವಿರದ 7 ಪಾಲು. ದಡದ ಸಣ್ಣ ಮೀನಿಗೆ 4 ಎಕ್ಸ್, ಗೆಂಡೆ–ರೋಹುಗಳಿಗೆ 1 ಎಕ್ಸ್ ಅಥವಾ 0 ಎಕ್ಸ್ ತಕ್ಕದ್ದು.

ಇಲ್ಲಿ ಇಡೀ ಲೇಖನದ ಮುಖ್ಯ ಸೂತ್ರವನ್ನು ಹೇಳಿಬಿಡುತ್ತೇವೆ. ರೀಲಿನಿಂದ ಹೊರಟಂತೆ ಪ್ರತಿಯೊಂದು ಗಂಟೂ ತನ್ನ ಮುಂದಿನ ಗಂಟಿಗಿಂತ ಬಲವಾಗಿರಬೇಕು; ಎಲ್ಲಕ್ಕಿಂತ ದುರ್ಬಲವಾದ ಜಾಗ ನೊಣದ ಬಳಿಯೇ ಇರಬೇಕು. ಆಗ ಏನೇ ತುಂಡಾದರೂ ಹೊಳೆಗೆ ಹೋಗುವುದು ಒಂದು ನೊಣ ಮಾತ್ರ. ಲೈನಿಗೂ ಲೀಡರಿಗೂ ನಡುವಿನ ಗಂಟು ಸೋತರೆ ಹತ್ತು ಅಡಿ ದಾರ ಹೋಗುತ್ತದೆ. ಬ್ಯಾಕಿಂಗಿನ ಗಂಟು ಸೋತರೆ ಇಡೀ ಲೈನೇ ಹೋಗುತ್ತದೆ. ಹಾಗೆಂದು ಟಿಪ್ಪೆಟ್ಟನ್ನು ಅತಿ ಸಣ್ಣ ಮಾಡುವುದೂ ಸಲ್ಲದು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ನೊಣಗಳ ಬಗ್ಗೆ ಎರಡು ಮಾತು. ಗಾಳದ ನಂಬರು ಹೆಚ್ಚಿದಷ್ಟೂ ಗಾತ್ರ ಕಿರಿದು. 12–14 ನಂಬರಿನ ಕಂದುಬಣ್ಣದ ಮರಿಹುಳು, 6–8 ನಂಬರಿನ ಕಪ್ಪು ಗರಿಯ ಉದ್ದನೆಯ ನೊಣ, ಬ್ರೆಡ್ಡಿನ ಚೂರಿನಂತೆ ತೇಲುವ ಒಂದು ಬಿಳಿಯ ನೊಣ, ಜೊಂಡಿನ ಅಂಚಿಗೆ ಕಪ್ಪೆಯಂಥದೊಂದು: ಈ ನಾಲ್ಕಿದ್ದರೆ ಸಾಕು. ಹಿತ್ತಲಿನ ನಾಟಿ ಹುಂಜದ ಕತ್ತಿನ ಗರಿ ಇದಕ್ಕೆ ಉತ್ತಮ; ಭಾರತದ ಹುಂಜದ ಗರಿಯನ್ನು ಹೊರದೇಶದ ನೊಣಗಾರರೂ ತರಿಸಿಕೊಳ್ಳುತ್ತಾರೆ. ಈ ವಿದ್ಯೆಯ ಬಗ್ಗೆ ಹಳೆಯ ಪ್ರಸಿದ್ಧ ಗ್ರಂಥವಾದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಹೊರಬಂದದ್ದು ನಮ್ಮ ಮಂಗಳೂರಿನಲ್ಲೇ ಎಂಬುದನ್ನು ಸದಸ್ಯರು ಅಭಿಮಾನದಿಂದ ನೆನೆಯಬಹುದು. ಅದನ್ನು ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವರು.

ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಯೇ ಬಳಸಿರಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ. ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ನಿಮ್ಮದೇ ಕಿವಿಗೋ ಬೆರಳಿಗೋ ಚುಚ್ಚಿದರೂ ಸಲೀಸಾಗಿ ಹೊರಬರುತ್ತದೆ.

ಐದು ಗಂಟುಗಳು

ಪುಸ್ತಕಗಳಲ್ಲಿ ನೂರಾರು ಗಂಟುಗಳಿವೆ. ನಮಗೆ ಐದು ಸಾಕು. ಕೆಳಗೆ ‘ಮೂಲದಾರ’ ಎಂದರೆ ರೀಲಿನ ಕಡೆಯ ಭಾಗ, ‘ತುದಿ’ ಎಂದರೆ ಕೈಯಲ್ಲಿರುವ ಬಿಡಿ ಕೊನೆ. ಮೊದಲು ತೆಳುವಾದ ಹುರಿಹಗ್ಗದಲ್ಲಿ ಅಭ್ಯಾಸ ಮಾಡಿ, ಆಮೇಲೆ ನೈಲಾನಿಗೆ ಬನ್ನಿರಿ.

1. ರೀಲಿನ ಗಂಟು. ಬ್ಯಾಕಿಂಗಿನ ತುದಿಯನ್ನು ರೀಲಿನ ನಡುಗಂಬಕ್ಕೆ ಒಂದು ಸುತ್ತು ತಂದು, ಅದರಿಂದ ಮೂಲದಾರವನ್ನು ಬಳಸಿ ಒಂದು ಸಾದಾ ಗಂಟು ಹಾಕಿರಿ. ತುದಿಯಲ್ಲಿಯೇ ಇನ್ನೊಂದು ಸಾದಾ ಗಂಟು ಹಾಕಿರಿ. ಮೂಲದಾರವನ್ನು ಎಳೆದರೆ ಮೊದಲನೆಯದು ಜಾರಿ ಕಂಬಕ್ಕೆ ಬಿಗಿಯುತ್ತದೆ; ಎರಡನೆಯದು ಅದು ಕಳಚದಂತೆ ತಡೆಯುತ್ತದೆ.

2. ಮೊಳೆಗಂಟು. ಬ್ಯಾಕಿಂಗನ್ನು ಲೈನಿಗೂ, ಲೀಡರಿನ ಬುಡವನ್ನು ಲೈನಿನ ಇನ್ನೊಂದು ಕೊನೆಗೂ ಸೇರಿಸಲು. ಹಿಂದೆ ಮೊಳೆ ಇಟ್ಟು ಕಟ್ಟುತ್ತಿದ್ದರಿಂದ ಈ ಹೆಸರು. ಖಾಲಿ ಬಾಲ್‌ಪೆನ್ ಕಡ್ಡಿಯನ್ನು ಎರಡೂ ಕಡೆ ಕತ್ತರಿಸಿ ತೊಳೆದು ಬಳಸಿದರೆ ಕೆಲಸ ಹಗುರ. ಲೈನಿನ ಕೊನೆ, ಕಡ್ಡಿ, ಲೀಡರಿನ ಬುಡ ಮೂರನ್ನೂ ಒತ್ತಾಗಿ ಹಿಡಿಯಿರಿ. ಲೀಡರಿನ ತುದಿ ಲೈನಿನ ಒಡಲಿನ ಕಡೆಗೆ ಹತ್ತು ಅಂಗುಲ ಚಾಚಿರಲಿ. ಆ ತುದಿಯನ್ನು ಹಿಂದಿರುಗಿಸಿ, ಮೂರನ್ನೂ ಸುತ್ತಿ, ಲೈನಿನ ಕೊನೆಯ ಕಡೆಗೆ ಆರು ಸುತ್ತು ಪಕ್ಕಪಕ್ಕದಲ್ಲಿ ತನ್ನಿರಿ. ತುದಿಯನ್ನು ಕಡ್ಡಿಯೊಳಗೆ ತೂರಿಸಿ ಆಚೆ ತೆಗೆಯಿರಿ. ಸುತ್ತುಗಳನ್ನು ಬೆರಳಿನಿಂದ ಒತ್ತಿಹಿಡಿದು ಕಡ್ಡಿಯನ್ನು ಮೆಲ್ಲನೆ ಎಳೆದು ಹಾಕಿ, ಎರಡೂ ಕೊನೆಗಳನ್ನು ಬಿಗಿಯಿರಿ. ಒಂದರ ಮೇಲೊಂದು ಸುತ್ತು ಏರಿದ್ದರೆ ಬಿಚ್ಚಿ ಮತ್ತೆ ಕಟ್ಟತಕ್ಕದ್ದು.

ಈಗಿನ ಲೈನುಗಳಲ್ಲಿ ಕಾರ್ಖಾನೆಯಲ್ಲೇ ಕುಣಿಕೆ ಮಾಡಿರುತ್ತಾರೆ. ಅಂಥಲ್ಲಿ ಲೀಡರಿನ ಬುಡದಲ್ಲೂ ಕುಣಿಕೆಯಿದ್ದರೆ ಮೊಳೆಗಂಟು ಬೇಡ. ಲೀಡರಿನ ಕುಣಿಕೆಯನ್ನು ಲೈನಿನ ಕುಣಿಕೆಯ ಮೇಲಿಂದ ತೊಡಿಸಿ, ಲೀಡರಿನ ಇನ್ನೊಂದು ಕೊನೆಯನ್ನು ಲೈನಿನ ಕುಣಿಕೆಯೊಳಗಿಂದ ಪೂರ್ತಿ ಎಳೆಯಿರಿ. ಬಿಗಿದಾಗ ಎರಡು ಕುಣಿಕೆಗಳು ಕೈ ಕೈ ಬೆಸೆದಂತೆ ಕಾಣಬೇಕು. ಒಂದು ಇನ್ನೊಂದರ ಕತ್ತು ಹಿಸುಕಿದಂತೆ ಕಂಡರೆ ಅದು ಲೈನಿನ ಲೇಪವನ್ನು ಕೊಯ್ಯುತ್ತದೆ.

3. ಸರ್ಜನ್ ಗಂಟು. ಲೀಡರಿಗೆ ಟಿಪ್ಪೆಟ್ ಸೇರಿಸಲು. ಎರಡು ದಾರಗಳನ್ನು ಆರು ಅಂಗುಲದಷ್ಟು ಒಂದರ ಮೇಲೊಂದು ಬರುವಂತೆ ಎದುರುಬದುರಾಗಿ ಇರಿಸಿ, ಎರಡನ್ನೂ ಒಂದೇ ದಾರವೆಂದು ಭಾವಿಸಿ ಒಂದು ಕುಣಿಕೆ ಮಾಡಿ, ಅದರೊಳಗಿಂದ ಲೀಡರಿನ ತುದಿಯನ್ನೂ ಇಡೀ ಟಿಪ್ಪೆಟ್ಟನ್ನೂ ಎರಡು ಸಲ ಹಾಯಿಸಿರಿ. ತೊಯ್ಯಿಸಿ ನಾಲ್ಕೂ ಕೊನೆಗಳನ್ನು ಸಮನಾಗಿ ಎಳೆಯಿರಿ. ದಪ್ಪ–ಸಣ್ಣ ದಾರಗಳನ್ನು ಸೇರಿಸಲು ಇದಕ್ಕಿಂತ ಸುಲಭವಾದದ್ದಿಲ್ಲ. ಮೂರು ಸಲ ಹಾಯಿಸಿದರೆ ಇನ್ನೂ ಭದ್ರ.

4. ಕ್ಲಿಂಚ್ ಗಂಟು. ಸಣ್ಣ ಟಿಪ್ಪೆಟ್ಟಿಗೆ ನೊಣ ಕಟ್ಟಲು. ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ ಮೂಲದಾರಕ್ಕೆ ಐದಾರು ಸುತ್ತು ಸುತ್ತಿರಿ. ಕಣ್ಣಿನ ಪಕ್ಕದಲ್ಲಿ ಉಳಿದಿರುವ ಸಣ್ಣ ಕುಣಿಕೆಯೊಳಗೆ ತುದಿಯನ್ನು ತೂರಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗಿಂದ ಮತ್ತೆ ಹಾಯಿಸಿರಿ. ತೊಯ್ಯಿಸಿ ಮೂಲದಾರವನ್ನು ನಿಧಾನವಾಗಿ ಎಳೆದರೆ ಸುತ್ತುಗಳು ಸ್ಪ್ರಿಂಗಿನಂತೆ ಸಾಲಾಗಿ ಕೂರುತ್ತವೆ. ದಪ್ಪ ದಾರಕ್ಕೆ ಈ ಗಂಟು ಸರಿಯಾಗಿ ಕೂರದು.

5. ಪಾಲೊಮಾರ್ ಗಂಟು. ದಪ್ಪ ಟಿಪ್ಪೆಟ್ಟಿಗೂ ಭಾರಿ ಮೀನಿಗೂ. ದಾರವನ್ನು ಆರು ಅಂಗುಲ ಮಡಚಿ ಜೋಡೆಳೆ ಮಾಡಿ ಕಣ್ಣಿನಲ್ಲಿ ತೂರಿಸಿರಿ. ಜೋಡೆಳೆಯಲ್ಲೇ ಒಂದು ಸಡಿಲವಾದ ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ನೊಣವನ್ನು ದಾಟಿಸಿರಿ. ತೊಯ್ಯಿಸಿ ಮೂಲದಾರ, ತುದಿ ಎರಡನ್ನೂ ಎಳೆಯಿರಿ. ಮಬ್ಬು ಬೆಳಕಿನಲ್ಲಿ, ಕಣ್ಣು ಮಂಜಾಗತೊಡಗಿದ ನಮ್ಮಂಥ ವಯಸ್ಸಿನವರಿಗೆ ಇದು ಬಹಳ ಅನುಕೂಲ.

ಗಂಟು ಏಕೆ ಸೋಲುತ್ತದೆ?

ದಾರದ ಪೂರ್ತಿ ಬಲವನ್ನು ಉಳಿಸುವ ಗಂಟು ಬಲು ಅಪರೂಪ. ಆದರೆ ಒಳ್ಳೆಯ ಗಂಟಿಗೂ ಕೆಟ್ಟ ಗಂಟಿಗೂ ಇರುವ ಅಂತರವೆಲ್ಲ ಕಟ್ಟುವ ಕ್ರಮದಲ್ಲಿದೆ.

ಒಣ ನೈಲಾನನ್ನು ಸರ್ರನೆ ಬಿಗಿದರೆ ಉಜ್ಜಾಟದಿಂದ ಶಾಖ ಹುಟ್ಟಿ ದಾರ ಒಳಗೊಳಗೇ ಸುಟ್ಟಂತಾಗುತ್ತದೆ. ಹೊರಗೆ ನೆಟ್ಟಗೆ ಕಂಡರೂ ಬಲ ಹೋಗಿರುತ್ತದೆ. ಆದುದರಿಂದ ಪ್ರತಿಯೊಂದು ಗಂಟನ್ನೂ ಬಿಗಿಯುವ ಮುನ್ನ ನೀರಿನಿಂದ ತೊಯ್ಯಿಸಿ, ಒಂದೇ ಸಮನೆ ನಿಧಾನವಾಗಿ ಎಳೆಯತಕ್ಕದ್ದು. ತುದಿಯನ್ನು ಗಂಟಿಗೆ ತೀರ ಒತ್ತಿ ಕತ್ತರಿಸದೆ ಅರ್ಧ ಅಕ್ಕಿಕಾಳಿನಷ್ಟು ಬಿಡಬೇಕು.

ಆಮೇಲೆ ಪರೀಕ್ಷೆ. ಗಾಳವನ್ನು ಇಕ್ಕಳದಲ್ಲಿ ಹಿಡಿದು ದಾರವನ್ನು ಬಲವಾಗಿ ಜಗ್ಗಿ ನೋಡಿರಿ. ಅಡಿಕೆ ಕೊನೆಗಾರ ತಳೆಯನ್ನು ಪರೀಕ್ಷಿಸುವುದು ನೆಲದ ಮೇಲೆ ನಿಂತು. ಅರ್ಧ ಮರ ಏರಿದ ಮೇಲೆ ತಳೆ ನೋಡುವ ಕೊನೆಗಾರನನ್ನು ನಾವಂತೂ ಕಂಡಿಲ್ಲ. ಸೋಲಬೇಕಾದ ಗಂಟು ದಡದಲ್ಲೇ ಸೋಲಲಿ.

ಬೀಸುವಾಗ ಗಾಳಿಗೆ ದಾರ ಸುತ್ತಿಕೊಂಡು ತಾನಾಗಿ ಬೀಳುವ ಸಾದಾ ಗಂಟು ಇನ್ನೊಂದು ಶತ್ರು. ಅಂಥ ಒಂದು ಗಂಟು ಟಿಪ್ಪೆಟ್ಟಿನ ಬಲವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಹತ್ತಿಪ್ಪತ್ತು ಸಲ ಬೀಸಿದ ಮೇಲೊಮ್ಮೆ, ಪ್ರತಿಯೊಂದು ಮೀನು ಹಿಡಿದ ಮೇಲೆ, ಕಲ್ಲಿಗೋ ಮುಳ್ಳಿಗೋ ಸಿಕ್ಕಿದ ಮೇಲೆ, ಕೊನೆಯ ಎರಡು ಅಡಿಯನ್ನು ಉಗುರಿನ ನಡುವೆ ಎಳೆದು ನೋಡಿರಿ. ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿರಿ. ಎರಡು ನಿಮಿಷದ ಕೆಲಸ.

ಬಯಲಿನ ಗಾಳಿ, ಜಾಲಿ, ಮೊಸಳೆ

ನಮ್ಮ ಮರದ ನೆರಳಿನಲ್ಲಿ ಕಲಿತ ಬೀಸು ಅಲ್ಲಿ ನಡೆಯುವುದಿಲ್ಲ. ಹಗಲೇರಿದಂತೆ ಗಾಳಿ ಎದ್ದರೆ ಲೀಡರನ್ನು ಏಳು ಅಡಿಗೆ ಇಳಿಸಿ, ಟಿಪ್ಪೆಟ್ಟನ್ನು ಒಂದು ದರ್ಜೆ ದಪ್ಪ ಮಾಡಿ, ಕೋಲನ್ನು ವಾರೆಯಾಗಿ ಹಿಡಿದು ನೀರಿಗೆ ಸಮೀಪವಾಗಿ ಬೀಸಿರಿ. ಗಾಳಿ ನಿಮ್ಮ ಬಲಗೈ ಕಡೆಯಿಂದ ಬರುತ್ತಿದ್ದರೆ ನೊಣ ಮುಖಕ್ಕೇ ಬರುತ್ತದೆ, ಜಾಗ ಬದಲಿಸಿರಿ. ಟೋಪಿ, ಕನ್ನಡಕ ಕಡ್ಡಾಯವೆಂದೇ ತಿಳಿಯಿರಿ.

ದಡದುದ್ದಕ್ಕೂ ಬಳ್ಳಾರಿ ಜಾಲಿ ಹಬ್ಬಿರುವಲ್ಲಿ ಹಿಂದಕ್ಕೆ ಬೀಸಿದ ದಾರ ಮುಳ್ಳಿನಲ್ಲೇ ಉಳಿಯುತ್ತದೆ. ಅಂಥಲ್ಲಿ ಲೈನನ್ನು ನೀರಿನ ಮೇಲೆ ಮೆಲ್ಲನೆ ಎಳೆದುಕೊಂಡು, ಕೋಲನ್ನು ಕಿವಿಯ ಹತ್ತಿರ ಎತ್ತಿ ಅರೆಕ್ಷಣ ನಿಂತು, ಮುಂದಕ್ಕೆ ಬಡಿದರೆ ಲೈನು ಚಕ್ರದಂತೆ ಉರುಳಿ ಮುಂದೆ ಹೋಗುತ್ತದೆ. ಹಿಂದಕ್ಕೆ ಜಾಗವೇ ಬೇಕಿಲ್ಲ.

ನೀರಿಗೆ ಇಳಿಯುವ ವಿಚಾರದಲ್ಲಿ ನಮ್ಮ ಸಲಹೆ ಸ್ಪಷ್ಟ: ಇಳಿಯಬೇಡಿರಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಡದ ಜನರೂ ಅವಕ್ಕೆ ಸಿಕ್ಕ ಘಟನೆಗಳಿವೆ. ಅಣೆಕಟ್ಟೆಯ ಕೆಳಭಾಗದಲ್ಲಿ ಬಾಗಿಲು ತೆರೆದಾಗ ನೀರು ಏಕಾಏಕಿ ಏರುತ್ತದೆ. ಎರೆ ಮಣ್ಣಿನ ಅಂಚು ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಮೊಣಕಾಲವರೆಗೆ ಹುಗಿಯುತ್ತದೆ. ದಡದಿಂದ ನಾಲ್ಕು ಹೆಜ್ಜೆ ದೂರ ನಿಂತು ಬೀಸಿದರೆ ನಷ್ಟವೇನೂ ಇಲ್ಲ. ಹರಗೋಲಿನಲ್ಲಿ ಹೋಗುವುದಾದರೆ ಸ್ಥಳೀಯ ಅಂಬಿಗರ ಜೊತೆಯಲ್ಲೇ ಹೋಗತಕ್ಕದ್ದು.

ಮೀನು ಸಿಕ್ಕ ಮೇಲೆ

ಮಾರ್ಚ್, ಏಪ್ರಿಲ್ ತಿಂಗಳ ಬಯಲಿನಲ್ಲಿ ಒಂಬತ್ತು ಗಂಟೆಯ ಹೊತ್ತಿಗೇ ತೆಳುನೀರು ಬಿಸಿಯಾಗುತ್ತದೆ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ. ಸಣ್ಣ ಟಿಪ್ಪೆಟ್ ಕಟ್ಟಿದವನು ದಾರ ತುಂಡಾದೀತೆಂಬ ಭಯದಿಂದ ಮೀನನ್ನು ಬಹಳ ಹೊತ್ತು ಆಡಿಸುತ್ತಾನೆ. ಆಯಾಸಗೊಂಡ ಮೀನು ಬಿಟ್ಟ ಮೇಲೂ ಬದುಕುವುದಿಲ್ಲ. ಟಿಪ್ಪೆಟ್ ಅತಿ ಸಣ್ಣಗಿರಬಾರದೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಸಾಧ್ಯವಿದ್ದಷ್ಟು ದಪ್ಪ ದಾರ ಕಟ್ಟಿ, ಬೇಗ ದಡಕ್ಕೆ ತಂದು, ಒದ್ದೆ ಕೈಯಲ್ಲಿ ಹಿಡಿದು, ನೀರಿನಲ್ಲಿಯೇ ಗಾಳ ಬಿಡಿಸಿರಿ. ಬೆಳಗಿನ ತಂಪು ಮುಗಿದರೆ ಕೋಲು ಮಡಚಿರಿ.

ಮುಂಗಾರಿನ ಹೊತ್ತಿಗೆ ಹೋದವರಿಗೆ ಇನ್ನೊಂದು ಮಾತು. ನೀರಿನ ಮೇಲ್ಮೈಯಲ್ಲಿ ಕೆಂಪು ಛಾಯೆಯ ಮರಿಗಳ ಗುಂಪೊಂದು ಒಟ್ಟಾಗಿ ಏಳುತ್ತ ಮುಳುಗುತ್ತ ಇದ್ದರೆ ಅದರ ಕೆಳಗೆ ಕಾವಲಿಗೆ ತಾಯಿತಂದೆ ಮರಲ್‌ಗಳಿವೆಯೆಂದು ತಿಳಿಯಿರಿ. ಆಗ ನೊಣ ಬಿಟ್ಟರೆ ಅವು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ ಕಚ್ಚುತ್ತವೆ. ಅವನ್ನು ಎಳೆದುಕೊಂಡರೆ ಮರಿಗಳಿಗೆ ದಿಕ್ಕಿಲ್ಲ.

ಒಂದು ನೀರಿನ ಜೀವವನ್ನು ಇನ್ನೊಂದಕ್ಕೆ ಒಯ್ಯಲೂ ಬಾರದು. 1970ರ ದಶಕದಿಂದ ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ದಖ್ಖಣದ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೂ ತಂದು ಬಿಟ್ಟರು. ಅವು ಅಲ್ಲಿ ಹೆಚ್ಚಿದವು. ಕಾವೇರಿಯದೇ ಆದ, ಗೂನುಬೆನ್ನಿನ ಬಿಳಿಮೀನು ಕಡಿಮೆಯಾಗುತ್ತ ಬಂತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ದಾಖಲೆಯ ಮೀನು ಆ ಜಾತಿಯದು. ಅದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತುಪಡಿಸಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿತು. ಹೆಸರಿಡುವ ಹೊತ್ತಿಗೆ ತೊಟ್ಟಿಲು ಬರಿದಾಗುತ್ತ ಬಂದಿತ್ತು. ಆದುದರಿಂದ ಭೀಮೆಯ ಮರಿಯನ್ನು ಡಬ್ಬಿಯಲ್ಲಿ ತಂದು ತೋಟದ ಕೆರೆಗೆ ಬಿಡುವ ಆಸೆ ಬೇಡ. ಚೀಲದ ಬಲೆ, ಬೂಟುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿಯೇ ಇನ್ನೊಂದು ಹೊಳೆಗೆ ಒಯ್ಯಿರಿ.

ದಾರದ ತುಂಡು

ಮುದ್ದೇಬಿಹಾಳದ ಕಡೆಯ ಹಿನ್ನೀರಿನ ದಡದಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದ ಹಿರಿಯ ಅಂಬಿಗರೊಬ್ಬರನ್ನು ನಾವು ಮಾತನಾಡಿಸಿದ್ದುಂಟು. ಅವರ ಬಲೆಯ ಒಂದು ಮೊಳದಷ್ಟು ಭಾಗ ಹಳೆಯ ಗಾಳದ ದಾರ ಸುತ್ತಿಕೊಂಡು ಮುದ್ದೆಯಾಗಿತ್ತು. ಅದರೊಳಗೆ ತುಕ್ಕು ಹಿಡಿದ ಗಾಳ. ಅದನ್ನು ಬಿಡಿಸಲು ಬಲೆಯನ್ನೇ ಕತ್ತರಿಸಬೇಕಾಗಿತ್ತು. ಅವರು ಸಿಟ್ಟಾಗಲಿಲ್ಲ, “ನಿಮ್ಮ ಆಟ ಮುಗೀತಂದ್ರ ನೀವು ಊರಿಗಿ ಹೋಗ್ತೀರಿ, ಸಾವ್ಕಾರ್ರ. ಈ ದಾರ ಮಾತ್ರ ನಮ್ಮ ಬಲ್ಯಾಗ ಉಳಿತೈತ್ರಿ” ಎಂದರು, ಅಷ್ಟೆ.

ಬಲೆ ಹರಿದರೆ ಅವರಿಗೆ ಒಂದು ದಿನದ ದುಡಿಮೆ ಹೋಯಿತು. ಕೊಳೆರೋಗದ ವರ್ಷ ಅಡಿಕೆ ಬೆಳೆಗಾರನಿಗೆ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಯೊಬ್ಬ ಸದಸ್ಯರೂ ಜೇಬಿನಲ್ಲಿ ಮುಚ್ಚಳವಿರುವ ಒಂದು ಸಣ್ಣ ಖಾಲಿ ಡಬ್ಬಿ ಇಟ್ಟುಕೊಂಡು, ಕತ್ತರಿಸಿದ ದಾರದ ಪ್ರತಿ ಚೂರನ್ನೂ ಅದಕ್ಕೇ ಹಾಕತಕ್ಕದ್ದು. ನೊಣ ನೀರಿನ ತಳದಲ್ಲಿ ಸಿಕ್ಕಿಕೊಂಡರೆ ಕೋಲಿನಿಂದ ಜಗ್ಗಬೇಡಿರಿ, ಕೋಲೇ ಮುರಿದೀತು. ಕೋಲನ್ನು ದಾರದ ನೇರಕ್ಕೆ ಹಿಡಿದು, ಲೈನನ್ನು ಕೈಗೆ ಬಟ್ಟೆ ಸುತ್ತಿಕೊಂಡು ಎಳೆಯಿರಿ. ಗಂಟುಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಕಟ್ಟಿದ್ದರೆ ನೊಣದ ಬಳಿಯೇ ತುಂಡಾಗಿ, ದಾರವೆಲ್ಲ ನಿಮ್ಮ ಕೈಗೆ ಬರುತ್ತದೆ.

ಮನೆಗೆ ಬಂದ ಮೇಲೆ

ಎರೆ ಮಣ್ಣು ಲೈನಿಗೆ ಮೆತ್ತಿಕೊಂಡರೆ ಅದು ತೇಲುವುದಿಲ್ಲ, ಕೋಲಿನ ಉಂಗುರಗಳನ್ನೂ ಸವೆಸುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸ್ನಾನದ ಸೋಪು, ಮೆತ್ತನೆಯ ಬಟ್ಟೆಯಿಂದ ತೊಳೆದು ನೆರಳಿನಲ್ಲಿ ಒಣಗಿಸಿರಿ. ಡೋಣಿಯ ಸವುಳು ನೀರಿನಲ್ಲಿ ಬಳಸಿದ್ದರೆ ರೀಲನ್ನು ಸಿಹಿನೀರಿನಲ್ಲಿ ಜಾಲಾಡಿ ಒಂದು ಹನಿ ಎಣ್ಣೆ ಹಾಕಿರಿ.

ನೈಲಾನಿಗೆ ಬಿಸಿಲು ಆಗದು. ಗೊಬ್ಬರ, ಮೈಲುತುತ್ತ, ಕಳೆನಾಶಕ, ಡೀಸೆಲ್ ಇಡುವ ಕೋಣೆಯಲ್ಲಿ ಅದನ್ನು ಇಡಬಾರದು. ಸೊಳ್ಳೆ ಮತ್ತು ಜಿಗಣೆಗೆಂದು ಹಚ್ಚಿಕೊಳ್ಳುವ ಕೆಲವು ಮುಲಾಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಲೈನಿನ ಪ್ಲಾಸ್ಟಿಕ್ ಲೇಪವನ್ನು ಕರಗಿಸುತ್ತದೆ; ಹಚ್ಚಿದ ಕೈ ತೊಳೆಯದೆ ಲೈನನ್ನು ಮುಟ್ಟಬೇಡಿರಿ. ಟಿಪ್ಪೆಟ್ಟಿನ ಸುರುಳಿಯ ಮೇಲೆ ಕೊಂಡ ವರ್ಷ ಬರೆದಿಡಿ. ಎರಡು ಮಳೆಗಾಲ ಕಂಡ ನೈಲಾನನ್ನು ನಂಬಬಾರದು.

ಮೊಳೆಗಂಟನ್ನು ಓದಿ ಕಲಿಯುವುದು ಕಷ್ಟವೆಂದು ಬಲ್ಲೆವು. ಬಯಸುವ ಸದಸ್ಯರು ಸಂಘದ ಕಚೇರಿಗೆ ಬಿಡುವಿನ ವೇಳೆ ಬಂದರೆ ಹಗ್ಗದಲ್ಲಿ ಕಟ್ಟಿ ತೋರಿಸಲು ನಾವು ಸಿದ್ಧರಿದ್ದೇವೆ. ಬರುವಾಗ ಮನೆಯಲ್ಲಿ ಬಿದ್ದಿರುವ ಹಳೆಯ ದಾರವನ್ನೂ ತನ್ನಿರಿ. ಬೆರಳಗಲದ ತುಂಡುಗಳಾಗಿ ಕತ್ತರಿಸಿ, ಮುಚ್ಚಿದ ಡಬ್ಬಿಯಲ್ಲಿ ತುಂಬಿ ಕಸಕ್ಕೆ ಕೊಡುವ ವ್ಯವಸ್ಥೆಯನ್ನು ಕಚೇರಿಯಲ್ಲೇ ಮಾಡಿಕೊಂಡಿದ್ದೇವೆ.